ಮೃತ್ಯುಪತ್ರ ಬರೆಯುವ ಮುನ್ನ

ಗದಗ ತಾಲ್ಲೂಕಿನ ಕುರ್ತಕೋಟಿ ಎಂದ ಕೂಡಲೇ ಸಾಹಿತ್ಯ ಓದಿದವರಿಗೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ನೆನಪಾಗುತ್ತಾರೆ. ಶಾಸನ ಓದುವವರಿಗೆ ನೆನಪಾಗುವುದು ಒಂದು ತಾಮ್ರಪಟ. ಬಾದಾಮಿ ಚಾಲುಕ್ಯರ ಒಂದನೆಯ ವಿಕ್ರಮಾದಿತ್ಯನ ಹೆಸರಿನಲ್ಲಿ ಹೊರಟ ದಾನಪತ್ರ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಅದನ್ನು ಓದಿ, ಇದು ಖೊಟ್ಟಿ ಎಂದು ತೀರ್ಮಾನ ಹೇಳಿದರು. ವಿಕ್ರಮಾದಿತ್ಯ ಪಟ್ಟಕ್ಕೆ ಬಂದದ್ದು ಕ್ರಿ.ಶ. 655ರ ಸುಮಾರಿಗೆ. ಪಟದಲ್ಲಿ ಕೆತ್ತಿದ ಶಕವರ್ಷವೋ ಅದಕ್ಕೂ ಹತ್ತಾರು ವರ್ಷ ಹಿಂದಿನದು. ಅರಸ ಅರಸನಾಗುವ ಮೊದಲೇ ಅವನ ದಾನಪತ್ರ ಹುಟ್ಟಿತ್ತು!

ಹೊಲದ ಕಾಗದ ತನಗೆ ಬೇಕಾದಂತೆ ಮಾಡಿಸಿಕೊಳ್ಳುವ ಆಸೆ ಇಂದು ನಿನ್ನೆಯದಲ್ಲ ಎನ್ನುವುದಕ್ಕೆ ಇದೊಂದು ಸಾಕ್ಷಿ. ಇನ್ನೊಂದು ಮಾತೂ ಇದರಲ್ಲಿ ಇದೆ. ತಾಮ್ರದ ಮೇಲೆ ಕೆತ್ತಿದರೂ ಸರಿಯೇ, ಪತ್ರ ಹುಟ್ಟಿದ ಸಂದರ್ಭ ನೆಟ್ಟಗಿಲ್ಲದಿದ್ದರೆ ಅದು ಪರೀಕ್ಷೆಗೆ ನಿಲ್ಲುವುದಿಲ್ಲ. ಮೃತ್ಯುಪತ್ರದ ವಿಷಯದಲ್ಲಿ ನಾನು ಇವತ್ತು ಹೇಳಬೇಕೆಂದಿರುವುದೂ ಇದನ್ನೇ. ಉಯಿಲು ಎನ್ನಿ, ವಿಲ್ ಎನ್ನಿ, ಮೃತ್ಯುಪತ್ರ ಎನ್ನಿ, ಅದಕ್ಕೆ ಬಲ ಬರುವುದು ಸಿಕ್ಕಾ ಮೊಹರಿನಿಂದಲ್ಲ. ಬರೆದವರು ಕೊಟ್ಟದ್ದು ತಮ್ಮದೇ ಆಗಿರಬೇಕು, ಬರೆದದ್ದು ಬಯಲಿನಲ್ಲಿ ಆಗಿರಬೇಕು. ಈ ಎರಡು ಇದ್ದರೆ ಉಳಿದದ್ದು ಸುಲಭ.

ನಮ್ಮ ಕಡೆ ಈ ಮಾತು ತೆಗೆಯುವುದೇ ಕಷ್ಟ. ಮಗ ಕೇಳಿದರೆ "ನಾ ಇನ್ನೂ ಗಟ್ಟಿ ಅದೀನಿ, ಈಗ್ಯಾಕ ಅದು? ನನ್ನ ಸಾವು ಕಾಯಾಕತ್ತೀರೇನು?" ಎಂದು ತಂದೆ ಸಿಟ್ಟಾಗುತ್ತಾರೆ. ತಂದೆಯೇ ಮಾತು ತೆಗೆದರೆ "ಯಪ್ಪಾ, ಅಪಶಕುನ ನುಡೀಬ್ಯಾಡ" ಎಂದು ಮಕ್ಕಳು ಬಾಯಿ ಮುಚ್ಚಿಸುತ್ತಾರೆ. ಕಡೆಗೆ ಆ ಮಾತು ಬರುವುದು ಆಸ್ಪತ್ರೆಯ ಮಂಚದ ಮೇಲೆ. ಅಲ್ಲಿ ಬರೆದ ಮೃತ್ಯುಪತ್ರವೇ ಎಲ್ಲಕ್ಕಿಂತ ಹೆಚ್ಚು ತಕರಾರಿಗೆ ಗುರಿಯಾಗುವಂಥದ್ದು.

ಮೊದಲ ಪ್ರಶ್ನೆ: ನಿಮ್ಮದು ಎಷ್ಟು?

ನಮ್ಮ ಆಸ್ತಿಯ ಶಾಸ್ತ್ರದ ಬೇರು ಇರುವುದು ಕನ್ನಡ ನೆಲದಲ್ಲೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಬರೆದ ಮಿತಾಕ್ಷರ ದೇಶದ ಬಹುಭಾಗಕ್ಕೆ ಹಿಂದೂ ಆಸ್ತಿಹಂಚಿಕೆಯ ಆಧಾರವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಎನ್ನುವುದು ಅದರ ಸಾರ. ಗಂಡುಮಕ್ಕಳಿಗೆ ಮಾತ್ರ ಎಂದು ನಡೆದುಬಂದದ್ದನ್ನು ಕರ್ನಾಟಕ 1994ರಲ್ಲಿ ತಿದ್ದಿ, ಅಲ್ಲಿಯತನಕ ಮದುವೆಯಾಗದಿದ್ದ ಹೆಣ್ಣುಮಕ್ಕಳನ್ನೂ ಸೇರಿಸಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಅನ್ವಯಿಸುವಂತೆ, ಮದುವೆಯಾಗಿರಲಿ ಬಿಡಲಿ, ಮಗಳಿಗೂ ಮಗನಷ್ಟೇ ಹಕ್ಕು ಬಂತು. ಆ ದಿನ ತಂದೆ ಬದುಕಿರಬೇಕಿತ್ತೋ ಎಂಬ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು: ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆಗಿ ಮುಗಿದ ವಾಟ್ನಿಗಳಿಗೆ, ಎಂದರೆ ಆಸ್ತಿಯ ಪಾಲುಗಳಿಗೆ, ಇದರ ಬಾಧೆ ಇಲ್ಲ.

ಇದನ್ನು ಲೆಕ್ಕದಲ್ಲಿ ನೋಡೋಣ. ಕುರ್ತಕೋಟಿಯ ಒಂದು ಒಕ್ಕಲುತನದ ಮನೆ ಇದೆ ಎಂದು ಇಟ್ಟುಕೊಳ್ಳಿ. ಯಜಮಾನರು, ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಮಗಳನ್ನು ಮುಂಡರಗಿ ಕಡೆ ಕೊಟ್ಟಿದೆ. ಅಜ್ಜನ ಕಾಲದಿಂದ ಬಂದ ಎರಿ ಹೊಲ 15 ಎಕರೆ. ಯಜಮಾನರು ಹತ್ತಿ ವ್ಯಾಪಾರ ಮಾಡಿ ತಾವೇ ಕೊಂಡ ಮಸಾರಿ 4 ಎಕರೆ, ಬೆಟಗೇರಿಯಲ್ಲಿ ಒಂದು ಪ್ಲಾಟು. ಉತಾರದಲ್ಲಿ, ಎಂದರೆ ಕಂದಾಯ ದಾಖಲೆಯಲ್ಲಿ, ಎಲ್ಲದಕ್ಕೂ ಅವರದೇ ಹೆಸರು. "ನನ್ನ ಹೆಸರ್ಲೆ ಐತಿ, ನಾ ಬೇಕಾದವರಿಗೆ ಬರೀತೀನಿ" ಎಂದು ಅವರು ಹೇಳಿದರೆ?

4 ಎಕರೆ ಮತ್ತು ಪ್ಲಾಟಿನ ಮಟ್ಟಿಗೆ ಆ ಮಾತು ಖರೆ. ಅದು ಸ್ವಯಾರ್ಜಿತ. ಮಗನಿಗೆ ಕೊಡಲಿ, ಮಗಳಿಗೆ ಕೊಡಲಿ, ಮಠಕ್ಕೆ ಬರೆಯಲಿ, ಕೇಳುವವರಿಲ್ಲ. ಆದರೆ 15 ಎಕರೆಯ ಮಾತು ಬೇರೆ. ಉತಾರದಲ್ಲಿ ಹೆಸರಿರುವುದು ಕಂದಾಯದ ಅನುಕೂಲಕ್ಕೆ. ಅದರಿಂದ ಮಾಲಕಿ ಹುಟ್ಟುವುದಿಲ್ಲ. ಇವತ್ತು ವಾಟ್ನಿಯಾದರೆ ಯಜಮಾನರಿಗೊಂದು, ಹೆಂಡತಿಗೊಂದು, ಮೂವರು ಮಕ್ಕಳಿಗೆ ಒಂದೊಂದು, ಹೀಗೆ ಐದು ಪಾಲು. ಅವರ ಪಾಲಿಗೆ ಬರುವುದು 3 ಎಕರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೆಯ ಕಲಮಿನ ಪ್ರಕಾರ ಆ 3 ಎಕರೆಯನ್ನು ಮಾತ್ರ ಅವರು ಮೃತ್ಯುಪತ್ರದಲ್ಲಿ ಬರೆಯಬಹುದು. 15 ಎಕರೆಯನ್ನೂ ಹಿರಿಮಗನಿಗೆ ಬರೆದಿಟ್ಟರೆ ಉಳಿದ 12 ಎಕರೆಯ ಮಟ್ಟಿಗೆ ಆ ಪತ್ರ ಬರಿಯ ಕಾಗದ.

ಏನೂ ಬರೆಯದೆ ಹೋದರೆ? ಆ 3 ಎಕರೆ, ಎಂದರೆ 120 ಗುಂಟೆ, ಹೆಂಡತಿ ಮತ್ತು ಮೂವರು ಮಕ್ಕಳಲ್ಲಿ ತಲಾ 30 ಗುಂಟೆಯಂತೆ ಹಂಚಿಹೋಗುತ್ತದೆ. ಯಜಮಾನರ ತಾಯಿ ಬದುಕಿದ್ದರೆ ಅವರೂ ಒಬ್ಬ ಪಾಲುಗಾರರು, ಆಗ ತಲಾ 24 ಗುಂಟೆ. ತಾಯಿಗೂ ಪಾಲುಂಟು ಎನ್ನುವುದು ಎಷ್ಟೋ ಮನೆಗಳಲ್ಲಿ ಗೊತ್ತಾಗುವುದು ಮೊಕದ್ದಮೆ ಹೂಡಿದ ಮೇಲೆಯೇ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಎಂದು ನಾವು ಭಾವಿಸುತ್ತೇವೆ. ಅಪ್ಪನ ಸ್ವಂತ ಗಳಿಕೆ, ಆತ 1956ರ ನಂತರ ಮೃತ್ಯುಪತ್ರವಿಲ್ಲದೆ ತೀರಿಕೊಂಡು ಮಗನಿಗೆ ಬಂದಿದ್ದರೆ, ಅದು ಮಗನ ಕೈಯಲ್ಲಿ ಅವನ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟು 1986ರಲ್ಲೇ ಹೇಳಿದೆ. ಹಾಗಾಗಿ ಪತ್ರ ಬರೆಯುವ ಮೊದಲು ಪ್ರತಿ ಸರ್ವೆ ನಂಬರಿನ ಮೂಲ ಹುಡುಕಬೇಕು. ಖರೀದಿಯೋ, ವಾಟ್ನಿಯೋ, ವಾರಸಾನೋ? ಹಳೆಯ ಡೈರಿ ನಂಬರುಗಳನ್ನು, ಎಂದರೆ ಹಕ್ಕು ಬದಲಾದ ದಾಖಲೆಗಳನ್ನು, ತೆಗೆಸಿ ನೋಡಬೇಕು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು. ಗದಗ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಹಳೆಯ ಕಾಗದ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇದ್ದರೂ ಅಚ್ಚರಿಯಿಲ್ಲ. ಓದಿಸಿ, ಕನ್ನಡದಲ್ಲಿ ಬರೆಯಿಸಿ ಇಟ್ಟುಕೊಳ್ಳಿ.

ಭೂ ನ್ಯಾಯಮಂಡಳಿಯಿಂದ ಬಂದ ಹೊಲವಿದ್ದರೆ ಇನ್ನೂ ಎಚ್ಚರ ಬೇಕು. ಉಳುವವನೇ ಒಡೆಯ ಎಂಬ ಕಾನೂನಿನಲ್ಲಿ ಗೇಣಿದಾರರಿಗೆ ದೊರೆತ ಹಕ್ಕನ್ನು ಮನೆತನದ ಹೊರಗಿನವರಿಗೆ ಮೃತ್ಯುಪತ್ರದ ಮೂಲಕ ಕೊಡಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 1998ರಲ್ಲಿ ತೀರ್ಪು ಕೊಟ್ಟಿತು. ಅದು ಜಮಖಂಡಿಯ ಭೂ ನ್ಯಾಯಮಂಡಳಿಯಿಂದ ಎದ್ದ ಪ್ರಕರಣ, ನಮ್ಮ ಸೀಮೆಯದೇ.

ಮಕ್ಕಳಿಲ್ಲದವರು ಬರೆಯಲೇಬೇಕು

ವಾರಸದಾರನ ಪ್ರಶ್ನೆಗೆ ಒಂದು ಸಂಸ್ಥಾನವೇ ಮುಳುಗಿದ ಕಥೆ ನಮ್ಮ ಗದಗ ಜಿಲ್ಲೆಯಲ್ಲೇ ಇದೆ. ನರಗುಂದದ ಅರಸ ಬಾಬಾಸಾಹೇಬ ಭಾವೆಯವರಿಗೆ ಮಗನಿರಲಿಲ್ಲ. ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಲಿಲ್ಲ. 1858ರ ಬಂಡಾಯಕ್ಕೆ ಅದೂ ಒಂದು ಕಾರಣವಾಯಿತು. ಅದೇ ವರ್ಷ ಜೂನ್‌ನಲ್ಲಿ ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಿದರು. ತಮ್ಮ ನಂತರ ಯಾರು ಎಂದು ಹೇಳುವ ಹಕ್ಕು ಅವರಿಗಿರಲಿಲ್ಲ. ನಮಗೆ ಇದೆ, ಬಳಸುವುದಿಲ್ಲ.

ಮಕ್ಕಳಿಲ್ಲದ ದಂಪತಿಗಳು "ಒಬ್ಬರ ನಂತರ ಇನ್ನೊಬ್ಬರಿಗೆ ಬರತದ" ಎಂದು ನಿಶ್ಚಿಂತರಾಗಿರುತ್ತಾರೆ. ಗಂಡ ಮೊದಲು ಹೋದರೆ, ಅವನ ತಾಯಿ ಬದುಕಿದ್ದಲ್ಲಿ ಹೆಂಡತಿಯ ಸಮಕ್ಕೆ ತಾಯಿಗೂ ಪಾಲು. ಆಮೇಲೆ ಹೆಂಡತಿ ತೀರಿಕೊಂಡರೆ ಆಕೆಯ ಸ್ವಂತ ಗಳಿಕೆ ಕೂಡ ಗಂಡನ ವಾರಸದಾರರ ಪಾಲಾಗುತ್ತದೆ. ತವರಿನಿಂದ ವಾರಸಾ ಬಂದದ್ದು ಮಾತ್ರ ತಂದೆಯ ಕಡೆಯವರಿಗೆ ಮರಳುತ್ತದೆ. ಹತ್ತಾರು ವರ್ಷ ಶಾಲೆಯಲ್ಲಿ ಕಲಿಸಿ ಮನೆ ಕಟ್ಟಿಸಿದ ಬಾಯಾರೊಬ್ಬರು ಇದ್ದಾರೆ ಎನ್ನಿ. ಮುಪ್ಪಿನಲ್ಲಿ ಅವರ ಬಾಯಿಗೆ ನೀರು ಬಿಟ್ಟವಳು ತಂಗಿಯ ಮಗಳು. ಮೃತ್ಯುಪತ್ರವಿಲ್ಲದಿದ್ದರೆ ಆ ಮನೆ ಸೇರುವುದು ಎಂದೂ ಹೊಸ್ತಿಲು ತುಳಿಯದ ಭಾವನ ಮಕ್ಕಳಿಗೆ. ಕಾನೂನು ವಾರಸಾ ಲೆಕ್ಕ ನೋಡುತ್ತದೆ, ಉಪಚಾರದ ಲೆಕ್ಕವನ್ನು ನೀವೇ ಬರೆದಿಡಬೇಕು.

ಬರೆಯುವುದು ಹೇಗೆ?

ಮೃತ್ಯುಪತ್ರಕ್ಕೆ ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು. ಹದಿನೆಂಟು ತುಂಬಿರಬೇಕು, ಬುದ್ಧಿ ಸ್ವಸ್ಥವಿರಬೇಕು. ಕಣ್ಣು ಕಾಣದವರು, ಕಿವಿ ಕೇಳದವರು ಕೂಡ, ತಾವು ಮಾಡುತ್ತಿರುವುದೇನು ಎಂದು ತಿಳಿದಿದ್ದರೆ, ಬರೆಸಬಹುದು. ಸಹಿ ಬಾರದಿದ್ದರೆ ಹೆಬ್ಬೆಟ್ಟು ನಡೆಯುತ್ತದೆ.

ನಮ್ಮ ಭಾಗದ ಪತ್ರ ಬರಹಗಾರರು ಬರೆಯುವ ಧಾಟಿಯಲ್ಲಿ ಶುರು ಹೀಗಿರುತ್ತದೆ: "ನಾನು ಇಂಥವನು, ವಯಸ್ಸು 68, ಉದ್ಯೋಗ ಒಕ್ಕಲುತನ, ಸಾಕಿನ ಕುರ್ತಕೋಟಿ, ತಾಲ್ಲೂಕು ಗದಗ, ಬುದ್ಧಿ ಸ್ವಸ್ಥವಿದ್ದು, ಯಾರ ಒತ್ತಾಯಕ್ಕಾಗಲಿ ಆಸೆ ಅಂಜಿಕೆಗಾಗಲಿ ಒಳಗಾಗದೆ, ಸ್ವಸಂತೋಷದಿಂದ ಬರೆಸಿದ ಮೃತ್ಯುಪತ್ರ. ಇದಕ್ಕೆ ಮೊದಲು ಬರೆದ ಮೃತ್ಯುಪತ್ರಗಳಿದ್ದರೆ ಅವೆಲ್ಲ ರದ್ದು." ಈ ಕೊನೆಯ ವಾಕ್ಯ ಬಹಳ ಮುಖ್ಯ. ಎರಡು ಪತ್ರ ಸಿಕ್ಕರೆ ಕೊನೆಯದೇ ನಡೆಯುವುದು. ರಿಜಿಸ್ಟರ್ ಆದ ಹಳೆಯ ಪತ್ರವನ್ನು, ರಿಜಿಸ್ಟರ್ ಆಗದ ಹೊಸ ಪತ್ರ ಕೂಡ ರದ್ದು ಮಾಡಬಲ್ಲದು.

ಆಮೇಲೆ ಮನೆತನದ ವಿವರ. ಹೆಂಡತಿ, ಮಕ್ಕಳು ಎಲ್ಲರ ಹೆಸರೂ ಬರಲಿ. ಮಗಳಿಗೆ ಏನೂ ಕೊಡುತ್ತಿಲ್ಲ ಎಂದರೂ ಹೆಸರು ಬಿಡಬೇಡಿ. ಮಗಳೇ ಇಲ್ಲವೆಂಬಂತೆ ಬರೆದ ಪತ್ರವನ್ನು ಓದಿದ ನ್ಯಾಯಾಧೀಶರಿಗೆ ಮೊದಲು ಬರುವುದು ಅನುಮಾನ. ಕೊಡದಿರುವುದಕ್ಕೆ ಕಾರಣವಿದ್ದರೆ ಎರಡು ಸಾಲಿನಲ್ಲಿ ಹೇಳಿ. "ಮದುವಿಯಾಗ ಬಂಗಾರ ಹಾಕೇವಿ, ಪಾಲು ಮುಗೀತು" ಎಂಬ ಮಾತು ಪಿತ್ರಾರ್ಜಿತ ಆಸ್ತಿಯಲ್ಲಿ ನಡೆಯುವುದಿಲ್ಲ ಎನ್ನುವುದನ್ನೂ ನೆನಪಿಡಿ.

ಆಸ್ತಿಯ ವಿವರದಲ್ಲಿ "ಹಳ್ಳದ ದಂಡಿ ಹೊಲ" ಎಂದಷ್ಟೇ ಬರೆದರೆ ಊರಿನವರಿಗೆ ತಿಳಿದೀತು, ಕೋರ್ಟಿಗೆ ತಿಳಿಯದು. ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ಚಕ್ಕುಬಂದಿ, ಮನೆಯಾದರೆ ಪಂಚಾಯಿತಿ ಅಥವಾ ಸಿಟಿ ಸರ್ವೆ ನಂಬರು ಬೇಕು. ಬರೆದ ಎಲ್ಲದರ ಕೊನೆಗೆ "ಇದರಲ್ಲಿ ಹೇಳದೆ ಉಳಿದ ಚರ-ಸ್ಥಿರ ಆಸ್ತಿ ಇಂಥವರಿಗೆ" ಎಂದೊಂದು ಸಾಲು ಹಾಕಿ. ಪಡೆಯುವವರು ನಿಮಗಿಂತ ಮೊದಲೇ ತೀರಿಕೊಂಡರೆ ಯಾರಿಗೆ ಎನ್ನುವುದೂ ಇರಲಿ.

ಹೆಂಡತಿಯ ವಿಷಯದಲ್ಲಿ ಒಂದು ಸಾಲು ಪದೇ ಪದೇ ಕಾಣುತ್ತದೆ: "ಬದುಕಿರುವತನಕ ಅನುಭವಿಸಬೇಕು, ಮಾರಕೂಡದು, ನಂತರ ಮಕ್ಕಳಿಗೆ." ನೋಡಲು ನ್ಯಾಯವಾಗಿಯೇ ಇದೆ. ಆದರೆ ಜೀವನಾಂಶದ ಬದಲಿಗೆ ಹೆಂಗಸಿಗೆ ಕೊಟ್ಟ ಇಂಥ ಸೀಮಿತ ಹಕ್ಕು ಪೂರ್ಣ ಮಾಲಕಿಯೇ ಆಗುತ್ತದೆ ಎಂದು 1977ರ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದಿನಿಂದ ಈ ಸಾಲಿನ ಸುತ್ತ ಮೊಕದ್ದಮೆಗಳಿಗೆ ಬರವಿಲ್ಲ. ಅನುಮಾನಕ್ಕೆ ಎಡೆ ಕೊಡುವುದಕ್ಕಿಂತ ಹೆಂಡತಿಗೆ ಒಂದಷ್ಟನ್ನು ಪೂರ್ತಿಯಾಗಿ ಬರೆದುಬಿಡುವುದು ಒಳ್ಳೆಯದು. ಕೈಯಲ್ಲಿ ಆಸ್ತಿಯಿದ್ದ ತಾಯಿಗೆ ಮಕ್ಕಳ ಮನೆಯಲ್ಲಿ ಮಾತೂ ಇರುತ್ತದೆ.

ಈಗ ಸಾಕ್ಷಿಗಳು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೆಯ ಕಲಮು ಕೇಳುವುದು ಕನಿಷ್ಠ ಇಬ್ಬರನ್ನು. ನೀವು ಸಹಿ ಮಾಡಿದ್ದನ್ನು ಅವರು ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಎಂದು ನೀವು ಅವರ ಮುಂದೆ ಒಪ್ಪಿರಬೇಕು. ಅವರೂ ನಿಮ್ಮೆದುರೇ ಸಹಿ ಹಾಕಬೇಕು. "ಕಾಗದ ಮನೀಗೆ ಕಳಸ್ರಿ, ಸಹಿ ಮಾಡಿ ಕೊಡತೀನಿ" ಎಂಬ ಸಾಕ್ಷಿ ಬೇಡ. ಪತ್ರ ಬರೆದವರು ಬರಹಗಾರರೆಂದು ಸಹಿ ಮಾಡಿರುತ್ತಾರೆ. ಅವರನ್ನು ಬಿಟ್ಟು ಇಬ್ಬರಿರಲಿ.

ಸಾಕ್ಷಿಗೆ ಎಂಥವರು? ನಮ್ಮಲ್ಲಿ ಗೌರವಕ್ಕೆಂದು ಊರ ಹಿರಿಯರನ್ನೇ ಕರೆಯುತ್ತೇವೆ. ಬರೆಸಿದವರು ಎಂಬತ್ತು, ಸಾಕ್ಷಿಗಳು ಎಂಬತ್ತೈದು! ಪತ್ರ ಕೋರ್ಟಿಗೆ ಬಂದಾಗ ಇಬ್ಬರಲ್ಲಿ ಒಬ್ಬರಾದರೂ ಕಟಕಟೆ ಹತ್ತಿ, "ಹೌದು, ಅಜ್ಜಾರು ನನ್ನ ಮುಂದ ಸಹಿ ಮಾಡಿದರು, ನಾನೂ ಅವರ ಮುಂದ ಮಾಡಿದೆ" ಎನ್ನಬೇಕು. ಹಾಗಾಗಿ ನಿಮಗಿಂತ ಚಿಕ್ಕವರು, ಊರಲ್ಲಿ ಸಿಗುವವರು, ಒಂದು ಗುಂಟೆಯ ಲಾಭವೂ ಇಲ್ಲದವರು ಸಾಕ್ಷಿಯಾಗಲಿ. ಕ್ರೈಸ್ತರಿಗೆ ಅನ್ವಯಿಸುವ ಕಾನೂನಿನಲ್ಲಂತೂ ಸಾಕ್ಷಿಗೋ ಸಾಕ್ಷಿಯ ಹೆಂಡತಿ-ಗಂಡನಿಗೋ ಬರೆದ ಪಾಲು ರದ್ದೇ ಆಗುತ್ತದೆ. ಹಿಂದೂಗಳಿಗೆ ಹಾಗಿಲ್ಲದಿದ್ದರೂ ಆ ಎಚ್ಚರ ಎಲ್ಲರಿಗೂ ಒಳ್ಳೆಯದು. ನಿಮ್ಮನ್ನು ನೋಡುವ ಡಾಕ್ಟರರೇ ಒಬ್ಬ ಸಾಕ್ಷಿಯಾದರೆ ಇನ್ನೂ ಚಲೋ.

ರಿಜಿಸ್ಟರ್ ಕಡ್ಡಾಯವಲ್ಲ. ಆದರೂ ಮಾಡಿಸಿ. ಉಪನೋಂದಣಿ ಕಚೇರಿಯಲ್ಲಿ ನೋಂದಾದ ಪತ್ರ ಕಳೆಯುವುದಿಲ್ಲ, ಹಾಳೆ ಬದಲಾಗುವುದಿಲ್ಲ. ನಡೆಯಲಾಗದವರ ಮನೆಗೇ ಅಧಿಕಾರಿಗಳು ಬರಲು ಕಾನೂನಿನಲ್ಲಿ ಅವಕಾಶವಿದೆ. ಬರೆದದ್ದು ಯಾರಿಗೂ ತಿಳಿಯಬಾರದೆಂದಿದ್ದರೆ ಲಕೋಟೆಗೆ ಮೊಹರು ಹಾಕಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಇಡಬಹುದು.

ಗಜೇಂದ್ರಗಡ್ಕರರ ತೀರ್ಪು

ರಿಜಿಸ್ಟರ್ ಆಯಿತೆಂದರೆ ಎಲ್ಲ ಮುಗಿಯಿತೇ? ಇಲ್ಲ. ಇಲ್ಲಿ ನಮ್ಮ ಜಿಲ್ಲೆಯ ನೆರಳಿರುವ ಒಂದು ದೊಡ್ಡ ತೀರ್ಪನ್ನು ನೆನೆಯಬೇಕು. ಗಜೇಂದ್ರಗಡ ಇಂದು ಗದಗ ಜಿಲ್ಲೆಯ ಒಂದು ತಾಲ್ಲೂಕು. ಆ ಊರಿನ ಹೆಸರು ಹೊತ್ತ ಮನೆತನದಲ್ಲಿ, ಸಾತಾರದಲ್ಲಿ ಹುಟ್ಟಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲೂ ಓದಿ, ಮುಂದೆ 1964ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದವರು ಪಿ.ಬಿ. ಗಜೇಂದ್ರಗಡ್ಕರ್. 1958ರ ನವೆಂಬರಿನಲ್ಲಿ ಅವರು ಬರೆದ ತೀರ್ಪು ಮೈಸೂರಿನಿಂದ ಹೋದ ಮೊಕದ್ದಮೆಯದು: ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರ ನಡುವಿನದು. ಇಂದಿಗೂ ದೇಶದ ಯಾವುದೇ ಕೋರ್ಟಿನಲ್ಲಿ ಮೃತ್ಯುಪತ್ರದ ತಕರಾರು ಎದ್ದರೆ ವಕೀಲರು ಮೊದಲು ತೆಗೆಯುವುದು ಅದನ್ನೇ.

ಒಬ್ಬ ವೃದ್ಧೆಯ ಮೃತ್ಯುಪತ್ರ. ಅದನ್ನು ಮುಂದಿಟ್ಟುಕೊಂಡು ಕೋರ್ಟಿಗೆ ಬಂದವರು, ಅದನ್ನು ಜಾರಿಗೆ ತರಲೆಂದು ಅದರಲ್ಲೇ ನೇಮಕವಾದ ನಿರ್ವಾಹಕರು. ಪತ್ರ ಮಾಡಿಸುವುದರಲ್ಲಿ ಮುಂದಾಳಾಗಿದ್ದವರೂ ಅವರೇ. ಅದರಿಂದ ಗಣನೀಯ ಲಾಭ ಪಡೆದವರು ಅವರ ಮಕ್ಕಳು. ಕೆಳಗಿನ ಕೋರ್ಟು ಪತ್ರವನ್ನು ಒಪ್ಪಿತು. ಹೈಕೋರ್ಟು ಒಪ್ಪಲಿಲ್ಲ. ಸುಪ್ರೀಂ ಕೋರ್ಟೂ ಒಪ್ಪಲಿಲ್ಲ.

ಗಜೇಂದ್ರಗಡ್ಕರರು ಕೊಟ್ಟ ಕಾರಣದ ಸಾರ ಇಷ್ಟು. ಉಳಿದ ಪತ್ರಗಳಲ್ಲಿ ಬರೆದುಕೊಟ್ಟವರು ಬಂದು ಹೌದು-ಅಲ್ಲ ಎನ್ನಬಹುದು. ಮೃತ್ಯುಪತ್ರ ಮಾತಾಡುವುದು ಬರೆದವರು ಇಲ್ಲವಾದ ಮೇಲೆ. ಆದ್ದರಿಂದ ಕೋರ್ಟಿನ ಮನಸ್ಸಿಗೆ ಪೂರ್ತಿ ಸಮಾಧಾನವಾಗಬೇಕು. ಸಹಿ ನಡುಗಿದೆಯೇ? ಬರೆದವರ ಬುದ್ಧಿ ಆಗ ಸ್ವಸ್ಥವಿತ್ತೇ? ಹಂಚಿಕೆ ಲೋಕಸಹಜವಾಗಿದೆಯೇ? ಲಾಭ ಪಡೆದವರೇ ಮುಂದೆ ನಿಂತು ಬರೆಸಿದರೇ? ಇಂಥ ಅನುಮಾನಗಳಿದ್ದರೆ ಅವನ್ನೆಲ್ಲ ತೊಳೆದು ತೋರಿಸುವ ಹೊಣೆ ಪತ್ರ ಮುಂದಿಟ್ಟವರ ಮೇಲೆ.

ಇದನ್ನು ನಮ್ಮ ಮನೆಗೆ ಅನ್ವಯಿಸಿ ನೋಡಿ. ಕಿರಿಮಗ ಕಾರು ಮಾಡಿಕೊಂಡು ತಂದೆಯನ್ನು ಗದಗಿಗೆ ಕರೆದೊಯ್ಯುತ್ತಾನೆ. ವಕೀಲರನ್ನು ಹಿಡಿದವನು ಅವನೇ, ಸಾಕ್ಷಿಗಳು ಅವನ ಗೆಳೆಯರು, ಫೀ ಕೊಟ್ಟವನೂ ಅವನೇ, ಆಸ್ತಿ ಅವನಿಗೇ. ಅಣ್ಣನಿಗೂ ಅಕ್ಕನಿಗೂ ಸುದ್ದಿಯಿಲ್ಲ. ತಂದೆ ಮನಸಾರೆ ಬರೆದಿರಬಹುದು, ಆ ಮಗನೇ ಅವರನ್ನು ಸಾಕಿರಬಹುದು. ಆದರೂ ಆ ಪತ್ರ ಹುಟ್ಟುವಾಗಲೇ ಅನುಮಾನದ ಗಂಟು ಕಟ್ಟಿಕೊಂಡಿತು. ಲಾಭವಿರುವ ಮಗ ಆ ದಿನ ಮನೆಯಲ್ಲೇ ಇರಲಿ. ವಕೀಲರನ್ನು ತಂದೆಯೇ ಗೊತ್ತು ಮಾಡಲಿ, ಓದು ಬಾರದಿದ್ದರೆ ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ ಕೇಳಲಿ, ಪ್ರತಿ ಹಾಳೆಗೂ ಸಹಿ ಮಾಡಲಿ. ಆಮೇಲೆ ಹಬ್ಬಕ್ಕೆ ಎಲ್ಲರೂ ಕೂಡಿದಾಗ ತಾವೇ ಹೇಳಲಿ: "ನಾ ಹಿಂಗ ಬರದೀನಿ, ಕಾರಣ ಇದು." ಆ ದಿನ ಮನೆಯಲ್ಲಿ ಗದ್ದಲವಾದೀತು. ಹತ್ತು ವರ್ಷದ ದಾವೆಗಿಂತ ಒಂದು ದಿನದ ಗದ್ದ‌ಲ ಲೇಸು.

ಪ್ರೊಬೇಟ್ ಬೇಕೇ?

ಪ್ರೊಬೇಟ್ ಎಂದರೆ, ಈ ಮೃತ್ಯುಪತ್ರ ಸಾಚಾ ಎಂದು ಕೋರ್ಟು ಮುದ್ರೆ ಒತ್ತಿ, ಅದರಲ್ಲಿ ನೇಮಕವಾದ ನಿರ್ವಾಹಕರಿಗೆ ಕೊಡುವ ಅಧಿಕಾರ. "ನಾವು ಮುಂಬೈ ಇಲಾಖೆಯವರು, ನಮಗೂ ಕಡ್ಡಾಯ" ಎಂದು ಇಲ್ಲಿ ಕೆಲವರು ತಿಳಿದಿದ್ದರು. ಹಿಂದೂಗಳಿಗೆ ಆ ಕಡ್ಡಾಯವಿದ್ದದ್ದು ಮುಂಬೈ, ಮದ್ರಾಸು ಹೈಕೋರ್ಟುಗಳ ಮೂಲ ಅಧಿಕಾರವಿದ್ದ ನಗರ ಭಾಗಕ್ಕೆ ಮತ್ತು ಹಳೆಯ ಬಂಗಾಳಕ್ಕೆ ಮಾತ್ರ. ಗದಗಿನ ಹೊಲಕ್ಕೆ, ಇಲ್ಲೇ ಬರೆದ ಪತ್ರಕ್ಕೆ ಅದು ತಗಲುತ್ತಿರಲಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಡ್ಡಾಯ ಹೇಳುತ್ತಿದ್ದ, 1925ರ ಕಾಯ್ದೆಯ 213ನೆಯ ಕಲಮನ್ನೇ ತೆಗೆದುಹಾಕಿದೆ. ತಕರಾರಿನ ಭಯವಿದ್ದರೆ ಬೇಕೆಂದೇ ಪ್ರೊಬೇಟ್ ಪಡೆಯಲು ಅಡ್ಡಿಯಿಲ್ಲ.

ಇಲ್ಲಿಯತನಕ ಹೇಳಿದ್ದು ಹೆಚ್ಚಾಗಿ ಹಿಂದೂಗಳ ಕಾನೂನು. ಮುಸಲ್ಮಾನ ಬಾಂಧವರ ಕಾನೂನು ಬೇರೆ. ಅಂತ್ಯಕ್ರಿಯೆಯ ಖರ್ಚು, ಸಾಲ ತೀರಿದ ಮೇಲೆ ಉಳಿದುದರಲ್ಲಿ ಮೂರನೆಯ ಒಂದು ಭಾಗವನ್ನು ಮಾತ್ರ ವಸಿಯತ್ ಮಾಡಬಹುದು. ಹೆಚ್ಚಿಗೆ ಬರೆಯಲು ವಾರಸದಾರರ ಒಪ್ಪಿಗೆ ಬೇಕು. ಸುನ್ನಿಗಳಲ್ಲಿ ವಾರಸದಾರನೊಬ್ಬನಿಗೇ ಬರೆಯುವುದಕ್ಕೂ ಉಳಿದವರು ಒಪ್ಪಬೇಕು. ಬಾಯಿಮಾತಿನ ವಸಿಯತ್ ಕೂಡ ಅಲ್ಲಿ ನಡೆಯುತ್ತದೆ. ಆದರೂ ಬರೆದಿಟ್ಟದ್ದೇ ಮೇಲು.

ನಾಮಿನಿ ಮಾಲಕನಲ್ಲ

ಸಹಕಾರದ ಮಾತು ಬಂದರೆ ನಮ್ಮ ಜಿಲ್ಲೆಗೆ ಹೆಮ್ಮೆಯಿದೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಹೀಗಾಗಿ ಸೊಸಾಯಿಟಿಯ ಶೇರು, ಠೇವು ಇಲ್ಲದ ಮನೆ ಕಡಿಮೆ. ಬ್ಯಾಂಕು, ಎಲ್‌ಐಸಿ ಬೇರೆ. ಎಲ್ಲಕ್ಕೂ ನಾಮಿನಿ ಹಾಕಿರುತ್ತೇವೆ. ಹಿರಿಮಗನ ಹೆಸರಿದ್ದರೆ ಹಣ ಅವನದೇ ಎಂದು ಅವನೂ ತಿಳಿಯುತ್ತಾನೆ. ನಾಮಿನಿ ಹಣ ಕೈಗೆ ತೆಗೆದುಕೊಳ್ಳುವವನು ಮಾತ್ರ. ತಂದ ಹಣ ವಾರಸದಾರರಿಗೆ ಸೇರಬೇಕು. ವಿಮೆಯ ಬಗ್ಗೆ ಇದು 1983ರಲ್ಲೇ, ಕಂಪನಿ ಶೇರುಗಳ ಬಗ್ಗೆ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ವಿಮೆಯ ಕಾನೂನು ಮಾತ್ರ 2015ರಲ್ಲಿ ಬದಲಾಗಿದೆ, ಅಲ್ಲಿ ನಾಮಿನಿ ಹೆಂಡತಿ-ಮಕ್ಕಳಾದರೆ ಈ ಮಾತು ಹಾಗೇ ಅನ್ವಯಿಸುವುದಿಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕು ಖಾತೆಗೆ ನಾಲ್ವರತನಕ ನಾಮಿನಿ ಹಾಕಬಹುದು. ನಿಮ್ಮ ಮೃತ್ಯುಪತ್ರವೂ ನಾಮಿನಿ ಹೆಸರುಗಳೂ ಒಂದಕ್ಕೊಂದು ಹೊಂದಲಿ.

ತೀರಿಕೊಂಡ ಹಿರಿಯರ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದೇ ಗೊತ್ತಿಲ್ಲವೇ? ಹತ್ತು ವರ್ಷ ಯಾರೂ ಕೇಳದ ಠೇವು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾರಸದಾರರು ಕೇಳಿದರೆ ಮರಳುತ್ತದೆ. 2023ರಿಂದ ಉದ್ಗಮ್ ಎಂಬ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಲು ಬರುತ್ತದೆ.

ಬಕ್ಷೀಸು ಬರೆಯುವ ಮುನ್ನ

"ಸತ್ತ ಮ್ಯಾಲ ಯಾಕ, ಈಗ ಬಕ್ಷೀಸಪತ್ರ ಮಾಡಿಕೊಟ್ಟರಾತು" ಎನ್ನುವವರಿದ್ದಾರೆ. ಮೃತ್ಯುಪತ್ರವನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬಕ್ಷೀಸು ರಿಜಿಸ್ಟರ್ ಆಯಿತೆಂದರೆ ಹೊಲ ಆ ಹೊತ್ತಿಗೇ ನಿಮ್ಮ ಕೈಬಿಟ್ಟಿತು. ಕೊಡುವುದೇ ಆದರೆ "ನಮ್ಮಿಬ್ಬರ ಊಟ, ಬಟ್ಟೆ, ಔಷಧ ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲೇ ಬರಲಿ. ಹಾಗಿದ್ದು ಮಕ್ಕಳು ತಪ್ಪಿ ನಡೆದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನ ಪ್ರಕಾರ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಟ್ಟು ಆ ಪತ್ರ ರದ್ದು ಮಾಡಿಸಬಹುದು.

ಇನ್ನು ಮಕ್ಕಳಿಗೆ ನಾಲ್ಕು ಮಾತು. ಹಿರಿಯರು ತೀರಿಕೊಂಡರೆ 21 ದಿನದೊಳಗೆ ಮರಣ ನೋಂದಾಯಿಸಿ. ವಂಶಾವಳಿ ತೆಗೆಸುವಾಗ ಅಕ್ಕ-ತಂಗಿಯರ ಹೆಸರು ಬಿಡಬೇಡಿ, ಅದು ಸುಳ್ಳು ಹೇಳಿಕೆಯಾಗುತ್ತದೆ. ಹೊಲದ ಹಕ್ಕು ಬದಲಾದುದನ್ನು ಮೂರು ತಿಂಗಳೊಳಗೆ ತಿಳಿಸಬೇಕೆಂದು 1964ರ ಭೂಕಂದಾಯ ಕಾಯ್ದೆ ಹೇಳುತ್ತದೆ. ಮೃತ್ಯುಪತ್ರಕ್ಕೆ ತಕರಾರು ಬಂದರೆ ತಹಶೀಲ್ದಾರರು ಅದರ ಸಾಚಾತನ ತೀರ್ಮಾನಿಸುವಂತಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ. ಅಜ್ಜನ ಹೆಸರಿನಲ್ಲೇ ಇರುವ ಉತಾರಗಳು ನಮ್ಮೂರುಗಳಲ್ಲಿ ಇನ್ನೂ ಇವೆ. ಅಜ್ಜ ಹೋದರು, ಅಪ್ಪ ಹೋದರು, ಈಗ ಮೊಮ್ಮಕ್ಕಳಲ್ಲಿ ಹತ್ತಾರು ಜನರ ಸಹಿ ಕೂಡಿಸಬೇಕು. ಅವರಲ್ಲಿ ಒಬ್ಬ ಪುಣೆಯಲ್ಲಿ, ಒಬ್ಬ ದುಬೈಯಲ್ಲಿ. ಬೆಳೆಸಾಲ, ಬೆಳೆವಿಮೆ, ಪರಿಹಾರ, ಎಲ್ಲಕ್ಕೂ ಆ ಹಳೆಯ ಹೆಸರೇ ತೊಡಕು. ಒಂದು ಸಮಾಧಾನವೂ ಇದೆ. ಸತ್ತವರ ಆಸ್ತಿಯ ಮೇಲಿನ ತೆರಿಗೆಯನ್ನು ನಮ್ಮ ದೇಶ 1985ರಲ್ಲೇ ತೆಗೆದುಹಾಕಿದೆ. ವಾರಸಾ ಮಾಡಿಸಿದರೆ ತೆರಿಗೆ ಬೀಳುತ್ತದೆಂದು ಅಂಜಿ ಸುಮ್ಮನಿರಬೇಕಿಲ್ಲ.

ನಾನು ಹೇಳಿದ್ದು ದಾರಿಯ ಗುರುತುಗಳನ್ನಷ್ಟೇ. ನಿಮ್ಮ ಮನೆಯ ಕಾಗದ ನೋಡಿದ ವಕೀಲರ ಸಲಹೆಯೇ ನಿಮಗೆ ಆಧಾರ. ಆದರೆ ಮೂರು ಕೆಲಸಕ್ಕೆ ವಕೀಲರೂ ಬೇಕಿಲ್ಲ. ಈ ವಾರ ನಿಮ್ಮ ಎಲ್ಲ ಸರ್ವೆ ನಂಬರುಗಳ ಉತಾರ ತೆಗೆಸಿ, ಯಾರ ಹೆಸರಿದೆ ಎಂದು ನೋಡಿ. ಒಂದು ವಹಿಯಲ್ಲಿ ಹೊಲ, ಮನೆ, ಖಾತೆ, ವಿಮೆ, ಬಂಗಾರ, ಕೊಟ್ಟ ಸಾಲ, ಪಡೆದ ಸಾಲ ಬರೆದಿಟ್ಟು, ಆ ವಹಿ ಎಲ್ಲಿದೆ ಎಂದು ಹೆಂಡತಿಗೂ ಒಬ್ಬ ಮಗಳಿಗೋ ಮಗನಿಗೋ ಹೇಳಿ. ಯಾವುದು ಪಿತ್ರಾರ್ಜಿತ, ಯಾವುದು ನಿಮ್ಮ ಗಳಿಕೆ ಎಂದು ಅದರ ಮುಂದೆ ಗುರುತು ಹಾಕಿ. ಆಮೇಲೆ, ಕೈ ನಡುಗದಿರುವಾಗಲೇ, ಮೃತ್ಯುಪತ್ರ ಬರೆಸಿ. ಗಳಿಸಿದವರೇ ಹಂಚಿ ಹೋದ ಮನೆಯಲ್ಲಿ ಅಣ್ಣತಮ್ಮಂದಿರು ಕೋರ್ಟಿನ ಕಟ್ಟೆಯ ಮೇಲೆ ಭೇಟಿಯಾಗುವ ಪ್ರಸಂಗ ಕಡಿಮೆ.